ಮೊದಲು ಕೆಟ್ಟದ್ದನ್ನು ಹೇಳುವ ನರ್ಸಬಾಯಿ

ಬೆಳಗಿನ ಆರು ಗಂಟೆ. ತಾಂಬಾದಿಂದ ಒಳಗೆ ಹೊರಳುವ ಕರಿಮಣ್ಣಿನ ದಾರಿಯಲ್ಲಿ ಮೊದಲ ಟೆಂಪೊ ಇನ್ನೂ ಬಂದಿಲ್ಲ. ಮನೆಗಳ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಕೇಳುತ್ತಿದೆ. ಶಮ್ಶುನ್ನೀಸಾ ಬಗಲಿಗೆ ಚೀಲ ಏರಿಸಿ, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಿರಬಿರನೆ ನಡೆಯುತ್ತಿದ್ದಾರೆ; ಬರೆಯಲು ಬಂದ ನಾನು ಅವರ ಹಿಂದೆ. "ರೊಟ್ಟಿ ಬಡಿಯೂದು ಸುರು ಆತಂದ್ರ ನನ್ನ ಡ್ಯೂಟಿ ಸುರು ಆತ್ರಿ. ರೊಟ್ಟಿ ಮುಗದ ಮ್ಯಾಲ ಹೋದ್ರ ಎಲ್ಲಾರೂ ಹೊಲಕ್ಕ ಹೋಗಿರ್ತಾರ. ಮನ್ಯಾಗ ಬೆಕ್ಕಿಗೆ ಗುಳಿಗಿ ಹೇಳಿ ಬರಬೇಕಾಗ್ತೈತಿ," ಎನ್ನುತ್ತಾರೆ.

ಸರಕಾರಿ ಕಾಗದದಲ್ಲಿ ಇವರು ಕಿರಿಯ ಆರೋಗ್ಯ ಸಹಾಯಕಿ. ಊರ ಬಾಯಲ್ಲಿ ನರ್ಸಬಾಯಿ. ಎದುರಿಗೆ ಸಿಕ್ಕಾಗ "ಬಾಯಾರ". ವಯಸ್ಸು ಮೂವತ್ತೆಂಟು, ಅದರಲ್ಲಿ ಹತ್ತೊಂಬತ್ತು ವರ್ಷ ಹೀಗೆ ನಡೆದದ್ದರಲ್ಲೇ ಹೋಗಿದೆ.

ಊರಿನ ಕೊನೆಯ ಓಣಿಯಲ್ಲಿ ಒಂದು ಮನೆಯ ಮುಂದೆ ಅವರು ತಟ್ಟನೆ ನಿಲ್ಲುತ್ತಾರೆ. ಎಡಕ್ಕೂ ಬಲಕ್ಕೂ ರೊಟ್ಟಿಯ ಸಪ್ಪಳವಿದೆ. ಈ ಮನೆಯಿಂದ ಮಾತ್ರ ಇಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಹೊಗೆಯೂ ಏಳುತ್ತಿಲ್ಲ.

ಇದು ರೇವವ್ವನ ತವರುಮನೆ. (ಊರಿನ ಹೆಸರು ಬರೆಯಬಾರದೆಂದು ಅವಳು ಕೇಳಿಕೊಂಡಿದ್ದಾಳೆ. ರೇವವ್ವ ಎಂಬ ಹೆಸರನ್ನೂ ಅವಳೇ ಆರಿಸಿದ್ದು; ಅದು ಅವಳ ಅಜ್ಜಿಯ ಹೆಸರು.) ಇಪ್ಪತ್ತಾರು ವರ್ಷದ ಈ ಹೆಣ್ಣುಮಗಳಿಗೆ ಕಳೆದ ಮಾರ್ಚಿನಲ್ಲಿ ಟಿಬಿ ಎಂದು ಗೊತ್ತಾಯಿತು. ಸಿಂದಗಿ ಕಡೆಯ ಗಂಡನ ಮನೆಯವರು "ಆರಾಮ ಆದ ಮ್ಯಾಲ ಬಾ" ಎಂದು ಇಲ್ಲಿಗೆ ಕಳಿಸಿದರು. ನಾಲ್ಕು ವರ್ಷದ ಮಗಳು ಐಶ್ವರ್ಯಳನ್ನು ಅಲ್ಲಿಯೇ ಇಟ್ಟುಕೊಂಡರು. ಆರು ತಿಂಗಳ ಔಷಧಿ ಮುಗಿದು, ಕೊನೆಯ ಕಫ ಪರೀಕ್ಷೆಯಲ್ಲಿ ರೋಗ ಇಲ್ಲವೆಂದು ಬರೆದ ಕಾರ್ಡು ಕೈಗೆ ಬಂದರೆ ಅವಳು ಮಗಳ ಹತ್ತಿರ ಹೋಗಬಹುದು. ಈಗ ಐದನೆಯ ತಿಂಗಳು ನಡೆದಿದೆ.

ವಾರಕ್ಕೆ ಮೂರು ದಿನ ಗುಳಿಗೆ: ಸೋಮವಾರ, ಬುಧವಾರ, ಶುಕ್ರವಾರ. ಬುಧವಾರದ್ದನ್ನು ಉಪಕೇಂದ್ರದಲ್ಲಿ ನರ್ಸಬಾಯಿಯ ಕಣ್ಣೆದುರು ನುಂಗಿ, ಉಳಿದೆರಡು ದಿನದ್ದನ್ನು ಪಟ್ಟಿಯ ಸಮೇತ ಮನೆಗೆ ಒಯ್ಯಬೇಕು. ಮುಂದಿನ ವಾರ ಖಾಲಿ ಪಟ್ಟಿ ತಂದು ತೋರಿಸಬೇಕು. ಹೀಗೆ ಮನೆಯಲ್ಲಿ ನುಂಗುವ ದಿನಗಳಲ್ಲೇ ಹೇಳದೆ ಬಂದು ಬಾಗಿಲಲ್ಲಿ ನಿಲ್ಲುವುದು ಶಮ್ಶುನ್ನೀಸಾ ಅವರ ಪದ್ಧತಿ. ಹಿಂದಿನ ಎರಡು ಸೋಮವಾರ ತಾಲೂಕಿನ ಊರು ಇಂಡಿಯಲ್ಲಿ ಮೀಟಿಂಗು ಇದ್ದುದರಿಂದ ಬರಲಾಗಿರಲಿಲ್ಲ.

"ಯವ್ವಾ, ಒಲಿ ಹೊತ್ತಿಸಿಲ್ಲೇನು ಇನ್ನಾ?" ಎಂದು ಹೊಸ್ತಿಲಲ್ಲಿ ನಿಂತು ಕೂಗುತ್ತಾರೆ.

ರೇವವ್ವನ ತಾಯಿ ಹೊರಗೆ ಬರುತ್ತಾಳೆ. "ಇವತ್ತ ಶ್ರಾವಣ ಸೋಮವಾರ ಅಲ್ರಿ ಬಾಯಾರ. ಉಪಾಸ ಐತಿ. ಸಂಜಿಕ ಪೂಜಿ ಆದ ಮ್ಯಾಲ ಒಪ್ಪತ್ತು."

"ರೇವವ್ವಂದೂ ಉಪಾಸನ?"

"ಆಕೀದ ಉಪಾಸ್ರಿ. ಆಕೀ ಸಂಗಾಟ ನಂದು."

ತಾಯಿಯ ಬೆನ್ನ ಹಿಂದೆ ರೇವವ್ವ ಬಂದು ನಿಂತಿದ್ದಾಳೆ. ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಾಳೆ. ನರ್ಸಬಾಯಿ ಅವಳ ಮುಖವನ್ನೇ ನೋಡುತ್ತಾರೆ. "ಮತ್ತ ಗುಳಿಗಿ?"

ರೇವವ್ವ ಕಾಲಬೆರಳಿನಿಂದ ನೆಲ ಕೆರೆಯುತ್ತಾಳೆ. "ರೊಟ್ಟಿ ತಿಂದ ಮ್ಯಾಲ ನುಂಗಬೇಕು ಅಂತ ನೀವ ಹೇಳೀರಲ್ರಿ. ರೊಟ್ಟೀನ ತಿನ್ನೂದಿಲ್ಲಂದ ಮ್ಯಾಲ..."

"ಹ್ವಾದ ಸೋಮವಾರ? ಅದರ ಹಿಂದಿಂದು?"

ಅವಳು ಒಳಗೆ ಹೋಗಿ ದೇವರ ಜಗಲಿಯ ಮೇಲಿಂದ ಸಣ್ಣ ಹಿತ್ತಾಳೆ ಬಟ್ಟಲೊಂದನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಾಳೆ. ಬಟ್ಟಲಿನಲ್ಲಿ ಒಂದು ಬಿಲ್ವಪತ್ರೆ, ಅದರ ಕೆಳಗೆ ಎರಡು ಸೋಮವಾರದ ಗುಳಿಗೆಗಳು. "ಒಗದಿಲ್ರಿ ಬಾಯಾರ. ದೇವರ ಮುಂದ ಇಟ್ಟೇನಿ."

"ಬುಧವಾರ ನಾ ಒಂದಕ್ಕ ಹೋದಾಗಿನ ಬಣ್ಣ ಕೇಳಿದ್ರ ಕೆಂಪ ಅಂದಿ?"

"ಶುಕ್ರವಾರದ್ದು ಕೆಂಪ ಇತ್ತಲ್ರಿ," ಎನ್ನುತ್ತಾಳೆ ರೇವವ್ವ ಮೆಲ್ಲಗೆ. "ಸುಳ್ಳ ಹೇಳಿಲ್ಲ."

ನಾನು ಬೈಗುಳಕ್ಕೆ ಕಾಯುತ್ತಿದ್ದೇನೆ. ನರ್ಸಬಾಯಿ ಕಟ್ಟೆಯ ಮೇಲೆ ಕುಳಿತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಆಮೇಲೆ, "ಕೂಡ ಬಾ ಇಲ್ಲೆ," ಎಂದು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. "ತಪ್ಪ ನಿಂದಲ್ಲ, ನಂದು. ರೊಟ್ಟಿ ಇಲ್ಲದ ದಿವಸ ಏನ ಮಾಡಬೇಕು ಅಂತ ನಾ ಹೇಳಿಲ್ಲ. ಉಪಾಸ ಯಾರ ಸಲುವಾಗಿ ಹಿಡದೀ?"

"ಐಶ್ವರ್ಯನ ಸಲುವಾಗ್ರಿ. ಲಗೂನ ಹೋಗೂ ಹಂಗ ಆಗ್ಲಿ ಅಂತ."

ಮಗಳ ಹತ್ತಿರ ಬೇಗ ಹೋಗಲೆಂದು ಹಿಡಿದ ವ್ರತವೇ ಆ ದಾರಿಗೆ ಅಡ್ಡವಾಗಿದೆ. ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

"ನಿಮ್ಮ ದೇವರ ಲೆಕ್ಕ ನನಗ ಗೊತ್ತಿಲ್ಲ," ಎನ್ನುತ್ತಾರೆ ನರ್ಸಬಾಯಿ. "ನಮ್ಮ ರಮಜಾನ ರೋಜಾದ ಲೆಕ್ಕ ಗೊತ್ತೈತಿ. ನಮ್ಮಲ್ಲೆ ಬ್ಯಾನಿ ಬಿದ್ದವರಿಗೆ ರೋಜಾ ಮಾಫಿ. ನಿಮ್ಮಲ್ಲೆ ಹೆಂಗೋ, ಅದನ್ನ ನೀವ ನೋಡಕೋರಿ, ಉಪಾಸ ಬಿಡು ಅಂತ ನಾ ಹೇಳೂದಿಲ್ಲ. ಸಂಜಿಕ ಒಪ್ಪತ್ತಿನ ಊಟ ಮಾಡ್ತಿ ಹೌದಿಲ್ಲೋ? ಊಟ ಆದ ಮ್ಯಾಲ ಇವತ್ತಿಂದು ನುಂಗು. ನಾ ಬಂದ ಕುಂತ ನೋಡ್ತೇನಿ. ತಪ್ಪಿದ ಎರಡೂ ಕಡೀಕ ಸೇರಿಸಿ ಕೊಡೂಣು. ಎರಡಂದ್ರ ಅಂಜಿಕಿ ಇಲ್ಲ. ಆದ್ರ ಇಲ್ಲಿಗೆ ನಿಲ್ಲಬೇಕು."

ಯಾಕೆ ನಿಲ್ಲಬೇಕೆಂಬುದನ್ನು ಹೊಲದ ಭಾಷೆಯಲ್ಲೇ ಹೇಳುತ್ತಾರೆ: "ಕರಿಕಿ ಹುಲ್ಲ ಅರ್ಧಾ ಕಿತ್ತ ಬಿಟ್ರ ಏನಾಗ್ತೈತಿ? ಮೊದಲಿಗಿಂತ ಜಾಸ್ತಿ ಹಬ್ಬತೈತಿ, ಆಮ್ಯಾಲ ಯಾವ ಕುರುಪಿಗೂ ಬಗ್ಗೂದಿಲ್ಲ. ಈ ಬ್ಯಾನೀನೂ ಹಂಗ."

ಅಲ್ಲಿಂದ ಹೊರಟಾಗ ಅವರ ನಡಿಗೆ ಬರುವಾಗಿನಷ್ಟು ಚುರುಕಿಲ್ಲ. ಊರ ಬಾವಿ ದಾಟಿದ ಮೇಲೆ, ನಾನು ಕೇಳದೆಯೇ ಹೇಳುತ್ತಾರೆ. "ಹತ್ತ ವರ್ಷದ ಹಿಂದ ಒಮ್ಮಿ ಹಿಂಗ ಹೇಳದ ಬಿಟ್ಟಿದ್ದೆ."

ಶಮ್ಶುನ್ನೀಸಾ ಬಸವನ ಬಾಗೇವಾಡಿಯ ಬಳೆಗಾರರ ಮನೆಯ ಮಗಳು. ತಂದೆ ಬಳೆಯ ಮಲಾರ ಹೊತ್ತು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಶಾಲೆಗೆ ಸೂಟಿ ಇದ್ದಾಗ ಮಗಳೂ ಹಿಂದೆ ಹೋಗುತ್ತಿದ್ದಳು. "ಅಪ್ಪಾ ಬಳಿ ಇಡೂ ಮುಂದ ಸುಮ್ಮನಿರ್ತಿರಲಿಲ್ರಿ. ತವರಮನಿ ಯಾವುದವ್ವ, ಮಕ್ಕಳೆಷ್ಟು ಅಂತ ಮಾತಾಡಿಸಿಕೋತ ಕೈ ಒತ್ತತಿದ್ದ. ಆಕೀ ಉತ್ತರಾ ಕೊಡೂದ್ರಾಗ ಬಳಿ ಮುಂಗೈಗೆ ಇಳದಿರತಿತ್ತು. ಕೈ ಬಿಗಿ ಹಿಡದ್ರ ಬಳಿ ಒಡೀತೈತಿ, ಬೇಟಾ, ಅಂತಿದ್ದ." ಈಗ ಅವರು ಕೂಸಿಗೆ ಸೂಜಿ ಹಾಕುವುದನ್ನು ನೋಡಿದರೆ ಆ ಬಳೆಗಾರ ಕಾಣುತ್ತಾನೆ. ತಾಯಿ ತವರುಮನೆಯ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಸೂಜಿ ಒಳಹೋಗಿ ಹೊರಬಂದಿರುತ್ತದೆ.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಬಿಜಾಪುರದಲ್ಲಿ ಒಂದೂವರೆ ವರ್ಷದ ತರಬೇತಿ. ಮೊದಲ ನೌಕರಿ ಮುದ್ದೇಬಿಹಾಳ ತಾಲೂಕಿನಲ್ಲಿ. ೧೯೯೧ರಿಂದ ಇಲ್ಲಿ. ಗಂಡ ಮಂಜೂರ ಇಂಡಿಯಲ್ಲಿ ದರ್ಜಿ; ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಾರೆ. ಉಪಕೇಂದ್ರದ ಹಿಂದಿನ ಎರಡು ಕೋಣೆಯೇ ಮನೆ.

೧೯೯೩ರಲ್ಲಿ ಗೈಬುಸಾಬ ಎಂಬ ಬಂಡಿ ಹೊಡೆಯುವವನಿಗೆ ಟಿಬಿ ಆಯಿತು. ಆಗ ಒಂದು ತಿಂಗಳ ಗುಳಿಗೆಯನ್ನು ಒಮ್ಮೆಲೇ ಕೊಟ್ಟು ಕಳಿಸುವ ರೂಢಿ. ದಿನಾ ತಗೋ, ತಪ್ಪಿಸಬೇಡ, ಹಾಲು ಮೊಟ್ಟೆ ತಿನ್ನು ಎಂದೆಲ್ಲ ಶಮ್ಶುನ್ನೀಸಾ ಹೇಳಿದ್ದರು. ಆ ಔಷಧಿಯಲ್ಲಿರುವ ಕೆಂಪು ಕ್ಯಾಪ್ಸೂಲು ನುಂಗಿದ ಕೆಲವು ತಾಸಿಗೆ ಮೂತ್ರ ಕೆಂಪು ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ, ಔಷಧಿಯ ಬಣ್ಣ ಎಂಬುದೊಂದನ್ನು ಮಾತ್ರ ಹೇಳಿರಲಿಲ್ಲ. ಗೊತ್ತಿತ್ತು. ಗಂಡಸಿನ ಮುಂದೆ ಆ ಮಾತು ಆಡಲು ಇಪ್ಪತ್ತೆಂಟರ ಹೆಣ್ಣಿಗೆ ನಾಚಿಕೆಯಾಯಿತು.

ಗೈಬುಸಾಬನಿಗೂ ನಾಚಿಕೆ. ಗುಳಿಗೆ ಉಷ್ಣವಾಗಿ ರಕ್ತ ಹೋಗುತ್ತಿದೆ ಎಂದುಕೊಂಡ, ನುಂಗುವುದನ್ನು ಬಿಟ್ಟ, ಯಾರಿಗೂ ಹೇಳಲಿಲ್ಲ. ಆದರೂ ಪ್ರತಿ ತಿಂಗಳು ಬಂದು ಹೊಸ ಗುಳಿಗೆ ಒಯ್ಯುತ್ತಿದ್ದ. ಬಾಯಾರಿಗೆ ಬೇಜಾರು ಆಗಬಾರದಲ್ಲ. ಎಂಟನೆಯ ತಿಂಗಳು ತೀರಿಕೊಂಡ. ನಲವತ್ತು ದಿನ ಕಳೆದ ಮೇಲೆ ಅವನ ಹೆಂಡತಿ ಅಮೀನಾಬಿ ಒಂದು ದಸ್ತಿ ಬಟ್ಟೆಯ ಗಂಟು ತಂದು ಉಪಕೇಂದ್ರದ ಮೇಜಿನ ಮೇಲೆ ಇಟ್ಟಳು. ಟ್ರಂಕಿನ ಕೆಳಗೆ ಸಿಕ್ಕ ಗುಳಿಗೆಗಳು.

"ಇವು ನಿಮ್ಮವು ಅದಾವ್ರಿ ಅಂದ್ಲು. ಜಗಳಾ ಮಾಡಲಿಲ್ಲ, ಅಳಲಿಲ್ಲ. ಕೆಂಪ ಬರ್ತೈತಿ ಅಂತ ಒಂದ ಮಾತ ಹೇಳಿದ್ರ ಅವರು ತಿಂತಿದ್ರಿ ಬಾಯಾರ, ಅಂದ್ಲು. ಅಷ್ಟ ಅಂದು ಎದ್ದು ಹ್ವಾದ್ಲು." ಶಮ್ಶುನ್ನೀಸಾ ಇದನ್ನು ಹೇಳುವಾಗ ನಿಂತು, ಚಪ್ಪಲಿಯೊಳಗಿನ ಹರಳು ತೆಗೆದು ಮತ್ತೆ ನಡೆಯುತ್ತಾರೆ. "ಅವತ್ತಿನಿಂದ ನಾ ಮೊದಲ ಕೆಟ್ಟದ್ದ ಹೇಳ್ತೇನ್ರಿ. ಆಮ್ಯಾಲ ಚಲೋದು."

ಅವರ ಬಳಿ ನಿಂಬೆಹಳದಿ ರಟ್ಟಿನ ಒಂದು ಪಟ್ಟಿಪುಸ್ತಕವಿದೆ. ಪ್ರತಿ ಗುಳಿಗೆಗೂ ಒಂದು ಪುಟ, ಪ್ರತಿ ಪುಟದಲ್ಲೂ ನಡುವೆ ಗೆರೆ. ಎಡಕ್ಕೆ 'ಅಂಜಬ್ಯಾಡ', ಬಲಕ್ಕೆ 'ಓಡಿ ಬಾ'. ಟಿಬಿಯ ಪುಟದಲ್ಲಿ ಕೆಂಪು ಮೂತ್ರ ಎಡಕ್ಕಿದೆ. ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ಕಣ್ಣು ಮಂಜಾಗುವುದು ಬಲಕ್ಕೆ. ರಕ್ತದೊತ್ತಡದ ಪುಟದಲ್ಲಿ ಎದ್ದ ಕೂಡಲೆ ತಲೆ ತಿರುಗುವುದು ಎಡಕ್ಕೆ, ತಲೆ ತಿರುಗಿ ಬೀಳುವುದು ಬಲಕ್ಕೆ. ಮೈಕೈ ನೋವಿನ ಗುಳಿಗೆಗೆ ಎಡಬದಿ ಬಹುತೇಕ ಖಾಲಿ. ಬಲಕ್ಕೆ 'ಹೊಟ್ಟಿ ಉರಿ, ಕರೇ ಸಂಡಾಸ' ಎಂದು ಎರಡು ಗೆರೆ ಎಳೆದು ಬರೆದಿದ್ದಾರೆ. ಕಬ್ಬು ಕಡಿಯುವವರು ಬರಿಹೊಟ್ಟೆಯಲ್ಲಿ ಆ ಗುಳಿಗೆ ನುಂಗಿ ಕೆಲಸಕ್ಕೆ ಹೋಗುತ್ತಾರೆಂಬುದು ಅವರ ದೊಡ್ಡ ಚಿಂತೆ.

ಐದು ಹಳ್ಳಿ, ಆರು ಸಾವಿರದ ಹತ್ತಿರ ಜನ. ಈ ತಿಂಗಳು ಹದಿನೆಂಟು ಗರ್ಭಿಣಿಯರು, ಇಪ್ಪತ್ತೆರಡು ಬಿಪಿ ಮತ್ತು ಸಕ್ಕರೆ ರೋಗದವರು, ಟಿಬಿಯವರು ನಾಲ್ವರು. ದಿನಕ್ಕೆ ಏಳೆಂಟು ಕಿಲೋಮೀಟರ್ ನಡಿಗೆ. ನಾನು ಎಣಿಸಿದ ದಿನ ಅವರು ಮೂವತ್ತೊಂದು ಜನರೊಂದಿಗೆ ಗುಳಿಗೆಯ ಮಾತಾಡಿದರು. ಅವರಲ್ಲಿ ಓದು ಬರುವವರು ಒಂಬತ್ತು ಮಂದಿ.

ಓದು ಬಾರದವರಿಗೆ ಮಂಜೂರ ಹೊಲಿದ ಚೀಲಗಳಿವೆ. ಅಂಗಡಿಯ ಚೂರು ಬಟ್ಟೆಯ ಪುಟ್ಟ ಚೀಲ: ಹಳದಿ ದಾರದ್ದು ಬೆಳಗಿನ ರೊಟ್ಟಿಗೆ, ಕಪ್ಪು ದಾರದ್ದು ರಾತ್ರಿಯ ಊಟಕ್ಕೆ. "ಊರ ಮಂದಿಗೆಲ್ಲಾ ಚೀಲಾ ಹೊಲದು ಹೊಲದು ನನ್ನ ಅಂಗಿ ಗುಂಡಿ ಹಚಗೊಳ್ಳಾಕ ಪುರಸೊತ್ತಿಲ್ರಿ," ಎಂದು ಮಂಜೂರ ಎದೆ ತೋರಿಸುತ್ತಾರೆ. ಎರಡನೆಯ ಗುಂಡಿ ನಿಜಕ್ಕೂ ಇಲ್ಲ.

ಕೊಟ್ಟ ಮೇಲೆ ಪರೀಕ್ಷೆ. ಎಪ್ಪತ್ತರ ಶಂಕರೆಪ್ಪನವರ ಕಟ್ಟೆಯಲ್ಲಿ ಅದು ಹೀಗೆ ನಡೆಯುತ್ತದೆ.

"ಈಗ ನಾ ಶಂಕರೆಪ್ಪ ಮುತ್ಯಾ, ನೀ ನರ್ಸಬಾಯಿ. ಹೇಳು ನನಗ, ಗುಳಿಗಿ ಹೆಂಗ ತಗೋಬೇಕು?"

"ನರ್ಸಬಾಯಿ ಆಗಾಕ ನನಗ ಬಿಳಿ ಸೀರಿ ಕೊಡಸಬೇಕಲ್ಲವಾ ನೀ."

"ಸೀರಿ ಆಮ್ಯಾಲ. ಮೊದಲ ಹೇಳು."

"ಮುಂಜಾನಿ ಒಂದು. ಎದ್ದ ಕೂಡ್ಲೆ ಜಿಗದ ನಿಂದರಬಾರದು. ಹಾಸಿಗ್ಯಾಗ ಕುಂತು, ಕಾಲ ಇಳಬಿಟ್ಟು, ಆಮ್ಯಾಲ ಏಳಬೇಕು." ಶಂಕರೆಪ್ಪ ಒಪ್ಪಿಸಿ ಮುಗಿಸಿ, "ಆದ್ರ ಬಿಪಿ ಇಳದೈತಿ ಅಂದೆಲ್ಲ, ಇನ್ನ್ಯಾಕ ಬೇಕದು?" ಎನ್ನುತ್ತಾರೆ.

"ಮಳಿ ನಿಂತಿತಂತ ಮಾಳಗಿ ಮ್ಯಾಲಿನ ಮಣ್ಣ ತಗದ ಒಗೀತಿಯೇನ ಮುತ್ಯಾ?"

ಮುತ್ಯಾ ಮಾಳಿಗೆಯತ್ತ ನೋಡಿ, ಗುಳಿಗೆಯ ಚೀಲವನ್ನು ಅಂಗಿಯ ಜೇಬಿಗೆ ಇಳಿಸುತ್ತಾರೆ.

ಬಸುರಿ ಯಾಸ್ಮಿನಳ ಮನೆಯಲ್ಲಿ ಮಾತು ಬೇರೆ. ಕಬ್ಬಿಣದ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಎಂದು ಅತ್ತೆ ಹೇಳಿದ್ದಾರೆ. "ಕೂಸ ಕರ್ರಗಾಗೂದಿಲ್ಲ, ಸಂಡಾಸ ಕರ್ರಗಾಗ್ತೈತಿ. ಅದಕ್ಕ ಅಂಜಬ್ಯಾಡ. ಚಾದ ಸಂಗಾಟ ಮಾತ್ರ ನುಂಗಬ್ಯಾಡ, ಚಾ ಅದರ ಸತ್ವಾ ಹಿಡಕೋತೈತಿ. ಲಿಂಬಿಹಣ್ಣಿನ ಶರಬತ್ತ ಕುಡಿ. ಲಿಂಬಿ ಬೆಳಿಯೂ ಇಂಡಿ ಸೀಮ್ಯಾಗ ಹುಟ್ಟಿ ಲಿಂಬಿಹಣ್ಣಿಗೆ ಬಡತನೇನು?" ಅತ್ತೆ ಒಳಗಿನಿಂದಲೇ, "ಹಂಗಾದ್ರ ನನಗೂ ಒಂದೆರಡ ಕೊಡ್ರಿ, ನಂಗೂ ದಣಿವ ಭಾಳ," ಎನ್ನುತ್ತಾರೆ. "ಒಬ್ಬರ ಗುಳಿಗಿ ಒಬ್ಬರಿಗಿಲ್ಲ. ನಾಳೆ ಸೆಂಟರಿಗೆ ಬರ್ರಿ, ರಕ್ತ ನೋಡಿ ಕೊಡ್ತೇನಿ," ಎಂದು ನರ್ಸಬಾಯಿ ಚೀಲ ಮುಚ್ಚುತ್ತಾರೆ.

ಅದೇ ಸೋಮವಾರ ಸೂರ್ಯ ಮುಳುಗುವ ಹೊತ್ತಿಗೆ ನಾವು ಮತ್ತೆ ರೇವವ್ವನ ಮನೆಯಲ್ಲಿದ್ದೇವೆ. ಪೂಜೆ ಮುಗಿದಿದೆ. ಈಗ ಒಲೆ ಹೊತ್ತಿದೆ, ರೊಟ್ಟಿಯ ಸಪ್ಪಳವೂ ಇದೆ. ರೇವವ್ವ ಒಂದು ರೊಟ್ಟಿ ತಿಂದು, ಪಟ್ಟಿಯಿಂದ ಗುಳಿಗೆ ಬಿಡಿಸಿ, ಒಂದು ಗಳಿಗೆ ದೇವರ ಮುಂದೆ ಹಿಡಿದು, ಆಮೇಲೆ ನುಂಗುತ್ತಾಳೆ. ನರ್ಸಬಾಯಿ ಕಾರ್ಡಿನಲ್ಲಿ ಗುರುತು ಹಾಕಿ, ತಮ್ಮ ಪುಸ್ತಕವನ್ನೂ ತೆರೆಯುತ್ತಾರೆ. ಎಡಕ್ಕೂ ಬಲಕ್ಕೂ ಸೇರದ ಒಂದು ಸಾಲನ್ನು ಪುಟದ ನೆತ್ತಿಯಲ್ಲಿ ಬರೆಯುತ್ತಾರೆ: 'ಮೊದಲ ಕೇಳೂದು, ಉಪಾಸ ಯಾವ ದಿವಸ?'

ಮುಂದಿನ ಶನಿವಾರ ಮಂಜೂರರ ಸೂಜಿಗೆ ಬಿಳಿ ದಾರ ಏರಿತು. ಒಪ್ಪತ್ತಿನ ದಿನದ ಚೀಲ. ಸೋಮವಾರದವರಿಗೂ ಅದೇ, ಏಕಾದಶಿಯವರಿಗೂ ಅದೇ, ರಮಜಾನಿಗೂ ಅದೇ.

ಅಕ್ಟೋಬರಿನಲ್ಲಿ ನಾನು ಮತ್ತೆ ಹೋದಾಗ ದೀಪಾವಳಿಗೆ ಎರಡು ವಾರವಿದೆ. ತಪ್ಪಿದ ಎರಡು ದಿನದ ಗುಳಿಗೆಯನ್ನೂ ಸೇರಿಸಿ ರೇವವ್ವನ ಔಷಧಿ ಮುಗಿದಿದೆ. ಕೊನೆಯ ಕಫ ಪರೀಕ್ಷೆಗೆ ಕಳಿಸಿ ನಾಲ್ಕು ದಿನವಾಗಿದೆ. ಉತ್ತರ ಇವತ್ತು ಬರಬೇಕು. ಉಪಕೇಂದ್ರದ ಬಾಗಿಲಲ್ಲಿ ಅವಳು ಹೊತ್ತು ಮೂಡುವ ಮುಂಚೆಯೇ ಬಂದು ಕುಳಿತಿದ್ದಾಳೆ. ಕೆನ್ನೆ ತುಂಬಿಕೊಂಡಿವೆ. ಮಡಿಲಲ್ಲಿ ಹೊಸ ಫ್ರಾಕು, ಮಂಜೂರರ ಅಂಗಡಿಯದು. ಅಳತೆ ಗೊತ್ತಿಲ್ಲದೆ ಒಂದು ಬೆರಳು ದೊಡ್ಡದೇ ಹೊಲಿಸಿದ್ದಾಳೆ.

ಒಳಗೆ ನಿಂಬೆ ತೋಟದ ಆಳು ಚಂದ್ರಾಮ ಕುಳಿತಿದ್ದಾನೆ. ಐವತ್ತರ ಗಂಡಸು. ಅವನ ಹೆಸರು ಬರೆದ ಟಿಬಿ ಗುಳಿಗೆಯ ಡಬ್ಬಿ ಇವತ್ತೇ ತೆರೆದಿದೆ. ನರ್ಸಬಾಯಿ ಹೇಳಲು ಬಾಯಿ ತೆರೆದವರು, ಬಾಗಿಲಲ್ಲಿ ಕುಳಿತ ರೇವವ್ವನತ್ತ ನೋಡಿ, "ರಜಿಸ್ಟರ್ ಒಳಗೈತಿ, ತರ್ತೇನಿ," ಎಂದು ಹಿಂದಿನ ಕೋಣೆಗೆ ಹೋಗುತ್ತಾರೆ. ರಜಿಸ್ಟರು ಮೇಜಿನ ಮೇಲೆಯೇ ಇದೆ.

ಸ್ವಲ್ಪ ಹೊತ್ತಿಗೆ ರೇವವ್ವನ ದನಿ ಕೇಳುತ್ತದೆ.

"ಕಾಕಾ, ಸೋಮವಾರ ಗೀಮವಾರ ಉಪಾಸ ಹಿಡೀತಿಯೇನು?"

"ಶನಿವಾರ ಹಿಡೀತೇನಿ. ಯಾಕವ್ವ?"

"ಹಿಡದ್ರ ಬಾಯಾರಿಗೆ ಮೊದಲ ಹೇಳು. ಬಿಳಿ ದಾರದ ಚೀಲಾ ಕೊಡ್ತಾರ. ಮತ್ತ ಕೇಳಿಲ್ಲೆ. ಇವತ್ತ ಇದನ್ನ ನುಂಗಿದಿ ಅಂದ್ರ ಒಂದಕ್ಕ ಹೋದಾಗ ಕೆಂಪ ಬರ್ತೈತಿ. ಅಂಜಬ್ಯಾಡ. ರಕ್ತ ಅಲ್ಲ ಅದು, ಗುಳಿಗಿ ಬಣ್ಣ. ನಂದೂ ಬಂದಿತ್ತು."

ಚಂದ್ರಾಮ ಕೆಮ್ಮಿ, ನಕ್ಕಂತೆ ಮಾಡುತ್ತಾನೆ. "ನೀ ಯಾವಾಗ ನರ್ಸ ಆದಿ?"

"ಆರ ತಿಂಗಳ ಟ್ರೇನಿಂಗ ಆಗೇತಿ ಕಾಕಾ. ನುಂಗಿ ಕಲ್ತೇನಿ. ಕಣ್ಣ ಹಳದಿ ಆದ್ರ ಮಾತ್ರ ಓಡಿ ಬಾ. ಈಗ ನೀ ಹೇಳು ನನಗ, ಕೆಂಪ ಬಂದ್ರ ಏನ ಮಾಡ್ತಿ?"

ಹಿಂದಿನ ಕೋಣೆಯಲ್ಲಿ ಶಮ್ಶುನ್ನೀಸಾ ಗೋಡೆಗೆ ಒರಗಿ ನಿಂತಿದ್ದಾರೆ. ಸೆರಗಿನ ತುದಿ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಾರೆ. ಚಂದ್ರಾಮ ಉತ್ತರ ಹೇಳಿ ಮುಗಿಸುವ ತನಕ ಹೊರಗೆ ಬರುವುದಿಲ್ಲ.

ಹತ್ತೂವರೆಗೆ ಟೆಂಪೊದಲ್ಲಿ ಕಾಗದ ಬಂತು. ನರ್ಸಬಾಯಿ ಎರಡು ಸಲ ಓದಿ, ಅದನ್ನೂ ಕಾರ್ಡನ್ನೂ ರೇವವ್ವನ ಮಡಿಲಿನ ಫ್ರಾಕಿನ ಮೇಲೆ ಇಟ್ಟರು. "ರೋಗ ಇಲ್ಲ ಅಂತ ಬರದೈತಿ. ನಾಳೆ ನಿನ್ನ ಗಂಡಗ ಬರಾಕ ಹೇಳು, ನಾನೂ ಎರಡ ಮಾತ ಹೇಳಿ ಕಳಸ್ತೇನಿ." ರೇವವ್ವ ಕಾಗದವನ್ನು ಓದಲಿಲ್ಲ, ಅವಳಿಗೆ ಓದು ಬರುವುದಿಲ್ಲ. ಫ್ರಾಕಿನೊಳಗೆ ಸುತ್ತಿ ಎದೆಗೆ ಹಿಡಿದುಕೊಂಡಳು.

ಹೊರಡುವ ಮುಂಚೆ ನಾನು ಶಮ್ಶುನ್ನೀಸಾ ಅವರನ್ನು ಕೇಳುತ್ತೇನೆ, ನಿಮ್ಮ ಬಗ್ಗೆ ಏನು ಬರೆಯಲಿ ಎಂದು.

"ನನ್ನ ಬಗ್ಗೆ ಏನೈತ್ರಿ ಬರ್ಯಾಕ," ಎನ್ನುತ್ತಾರೆ ಚೀಲಕ್ಕೆ ಗುಳಿಗೆ ತುಂಬುತ್ತ. ಒಂದು ಚೀಲದ ದಾರ ಬಿಗಿದು, "ಬರಿಯೂದಿದ್ರ ಒಂದ ಮಾತ ಬರೀರಿ. ಕೆಂಪ ಬರ್ತೈತಿ, ಅಂಜಬ್ಯಾಡ್ರಿ ಅಂತ. ಓದಿದವರು ಯಾರರ ಒಬ್ಬರು ಓದಲಾರದವರೊಬ್ಬರಿಗೆ ಹೇಳ್ತಾರ. ನನಕಿಂತ ಮೊದಲ ಅದು ಅವರ ಮನಿ ಮುಟ್ಟಲಿ."